ತಿದ್ದುವ ಕೈ

ಇಪ್ಪತ್ತೇಳು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದವರಿಗೇ ಈಗ ಚಿತ್ರ ಬರೆಯುವ ತರಬೇತಿಯಂತೆ! ಆದೇಶ ಕೈಗೆ ಬಂದಾಗ ಡ್ರಾಯಿಂಗ್ ಮೇಡಂಗೆ ಮೈಯೆಲ್ಲ ಉರಿಯಿತು. "ಅಜ್ಜಿಗೆ ಕೆಮ್ಮು ಕಲಿಸೋಕೆ ಹೊರಟಿದ್ದಾರೆ" ಎಂದು ಸಿಡಿಮಿಡಿಗೊಂಡರು. ಆದರೂ ಹೋದರು. ಅಕ್ಕ ತೀರಿಕೊಂಡು ತಿಂಗಳಾಗಿತ್ತು. ಮನೆಯಲ್ಲಿ ಒಬ್ಬರೇ ಕೂರಲು ಆಗುತ್ತಿರಲಿಲ್ಲ.

ಮೇಡಂ ಎಂಥವರೆಂದರೆ, ಯಾವ ಮಗುವಿನ ಚಿತ್ರವನ್ನೂ ಹಾಗೇ ಬಿಟ್ಟವರಲ್ಲ. ಓರೆಯಾದ ಮನೆ ಕಂಡರೆ ಕೈ ಸುಮ್ಮನಿರಬೇಕಲ್ಲ! ಮಗುವಿನ ಪೆನ್ಸಿಲ್ ಕಿತ್ತುಕೊಂಡು ಎರಡೇ ಗೆರೆಯಲ್ಲಿ ನೆಟ್ಟಗೆ ಮಾಡುತ್ತಿದ್ದರು. ಸ್ಪರ್ಧೆಗಳಲ್ಲಿ ಶಾಲೆಗೆ ಬಹುಮಾನವೋ ಬಹುಮಾನ. ಗೆದ್ದದ್ದು ಮಕ್ಕಳೋ ಮೇಡಮ್ಮೋ, ದೇವರೇ ಬಲ್ಲ.

ತರಬೇತಿ ಕೊಡಲು ಬಂದವಳು ಮಗಳ ವಯಸ್ಸಿನ ಹುಡುಗಿ. "ನಾಲ್ಕು ದಿನ ಇಲ್ಲಿ ಯಾರೂ ಟೀಚರ್ ಅಲ್ಲ. ನಿಮಗೆ ತುಂಬ ಗೊತ್ತಿರೋ ಒಂದು ಮುಖ ಬರೀರಿ, ನೆನಪಿಂದ. ರಬ್ಬರ್ ಮುಟ್ಟಬೇಡಿ" ಎಂದಳು.

ಅಕ್ಕನ ಮುಖವಲ್ಲದೆ ಇನ್ಯಾರದು? ಅಮ್ಮ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ತುಳಿದು ತಂಗಿಗೆ ಚಿತ್ರಕಲೆ ಓದಿಸಿದವಳು ಅವಳು. ಹುಟ್ಟುವಾಗಲೇ ಅವಳ ಮೇಲ್ತುಟಿ ಒಂದು ಕಡೆ ಸೀಳಿತ್ತು. ಡಾಕ್ಟರು ಹೊಲಿದರೂ ಓರೆ ಉಳಿದಿತ್ತು. ಫೋಟೋ ಎಂದರೆ ಕೈ ಬಾಯಿಗೆ ಅಡ್ಡ; ಒಂದರಲ್ಲೂ ತುಟಿ ಕಾಣದು.

ತಂಗಿ ಓದು ಮುಗಿಸಿ ಬಂದಾಗ ಮಾತ್ರ ತಾನಾಗಿಯೇ ಎದುರಿಗೆ ಕೂತಿದ್ದಳು. "ನಿನ್ನ ಮುಂದೆ ಏನು ನಾಚಿಕೆ? ನನ್ನ ಇದ್ದ ಹಾಗೇ ಬರಿ ಕಣೇ." ತಂಗಿ ಪ್ರೀತಿಯಿಂದಲೇ ತುಟಿ ನೆಟ್ಟಗೆ ಮಾಡಿ ಬರೆದಳು. ಅಕ್ಕ ನೋಡಿದಳು. "ಚೆನ್ನಾಗಿದ್ದಾಳೆ. ಯಾರೇ ಇವಳು?" ಎಂದು ನಕ್ಕು, ಎದ್ದು ಹೊಲಿಯಲು ಹೋದಳು. ಮತ್ತೆಂದೂ ಕೇಳಲಿಲ್ಲ.

ಇವತ್ತಾದರೂ ಅವಳನ್ನು ಇದ್ದ ಹಾಗೇ ಬರೆಯಲೇಬೇಕೆಂದು ಮೇಡಂ ಹಟ ಹಿಡಿದು ಕೂತರು. ಹಾಳು ಕೈ! ಮೊಟ್ಟೆಯಾಕಾರ, ಸರಿಯಾಗಿ ನಡುವೆ ಕಣ್ಣು, ಕೆಳಗೆ ಮುದ್ದಾದ ತುಟಿ. ಬೋರ್ಡಿನ ಮೇಲೆ ಸಾವಿರ ಸಲ ಬರೆದ ಮುಖವೇ ಬಂತು. ಎರಡನೆಯ ಹಾಳೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ.

"ಎಡಗೈಯಲ್ಲಿ ಬರೆದು ನೋಡಿ ಮೇಡಂ" ಎಂದಳು ಹುಡುಗಿ, ಮೆಲ್ಲಗೆ.

ಮೇಡಂ ಪೆನ್ಸಿಲನ್ನು ಎಡಗೈಗೆ ಬದಲಿಸಿದರು. ಗೆರೆಗಳೆಲ್ಲ ಸೊಟ್ಟಪಟ್ಟ. ಆದರೆ ಹಣೆ ಅಕ್ಕನದೇ! ದಾರ ಪೋಣಿಸಿ ಪೋಣಿಸಿ ಕಿರಿದಾದ ಆ ಕಣ್ಣುಗಳೂ ಅವಳವೇ. ಮೇಡಂ ಉಸಿರು ಬಿಗಿಹಿಡಿದು ತುಟಿಗೆ ಬಂದರು. ಅಲ್ಲಿ ಪೆನ್ಸಿಲ್ ನಿಂತಿತು. ಸೀಳು ಎಡಕ್ಕೋ, ಬಲಕ್ಕೋ?

ಕಣ್ಣು ಮುಚ್ಚಿಕೊಂಡು ಎಷ್ಟು ಹೊತ್ತು ಕೂತರೂ ನೆನಪಾಗಲಿಲ್ಲ. ವರಾಂಡಕ್ಕೆ ಹೋಗಿ ಅಕ್ಕನ ಮಗಳಿಗೆ ಫೋನ್ ಮಾಡಿದರು.

"ಎಡಗಡೆ ಚಿಕ್ಕಮ್ಮ" ಎಂದಳು ಅವಳು, ತಡವರಿಸದೆ. "ಕೊನೇ ವರ್ಷ ನಾನೇ ಕುಡಿಸ್ತಿದ್ನಲ್ಲ, ಆ ಕಡೆಯಿಂದಾನೇ ನೀರು ಸೋರೋದು. ಯಾಕೆ, ನಿಮಗೆ ಗೊತ್ತಿಲ್ವಾ?"

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮೇಡಂಗೆ ಇಷ್ಟು ನೋವಾಗುತ್ತಿರಲಿಲ್ಲ.

"ಇಲ್ಲ ಕಣಮ್ಮ" ಎಂದರು. "ಅಷ್ಟು ವರ್ಷ ಜೊತೆಗಿದ್ದು, ನಾನು ಅವಳನ್ನ ನೋಡ್ಲೇ ಇಲ್ಲ."