ಆಷಾಢ ಕಳೆಯಲಿ ಎಂದಿದ್ದೆ

ಮಿಲ್ಲು ನಿಲ್ಲುವ ಹಿಂದಿನ ದಿನ ನಾನು ಒಲೆಯ ಮೇಲೆ ಹುರುಳಿ ಸಾರು ಇಟ್ಟಿದ್ದೆ. ನನ್ನ ಯಜಮಾನರು ಸಂಜೆ ಬಂದು, ಹುಬ್ಬಿಗೆಲ್ಲ ಹತ್ತಿದ್ದ ತೌಡಿನ ಪುಡಿ ತೊಳೆದುಕೊಂಡು, ಬಚ್ಚಲ ಬಾಗಿಲಿಗೆ ತಗಡು ಬಡಿಯುತ್ತ ಕುಳಿತರು. ಆ ಬಾಗಿಲು ನೀರು ಕುಡಿದು ಉಬ್ಬಿತ್ತು.

"ಇನ್ನು ಹತ್ತು ವರ್ಷ ಇದಕ್ಕೇನೂ ಆಗಲ್ಲ ನೋಡು" ಎಂದರು.

"ಹತ್ತು ವರ್ಷ ಆದ್ಮೇಲೂ ನೀವೇ ಬಡೀಬೇಕಲ್ರೀ" ಎಂದೆ.

ಅಷ್ಟೇ. ಆ ದಿನದ ಬಗ್ಗೆ ಹೇಳಲು ಬೇರೇನೂ ಇಲ್ಲ.

ಶಿಕಾರಿಪುರದ ಹೊರಗೆ, ಅಕ್ಕಿ ಮಿಲ್ಲುಗಳು ಸಾಲಾಗಿದ್ದ ರಸ್ತೆಯ ಹಿಂದಿನ ಬಡಾವಣೆಯಲ್ಲಿತ್ತು ನಮ್ಮ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ಇವರು ದೊಡ್ಡ ಮಿಲ್ಲಿನಲ್ಲಿ ಮೆಕ್ಯಾನಿಕ್. ಬಡಾವಣೆಯಲ್ಲಿ ಹೆಚ್ಚಿನವರು ಮಿಲ್ಲಿನವರೇ. ಮಿಲ್ಲಿನ ಸಂಬಳ ನಂಬಿ ಬ್ಯಾಂಕು ಸಾಲ ಕೊಟ್ಟಿತ್ತು, ಅದನ್ನೇ ನಂಬಿ ನಾವು ಗೋಡೆ ಎಬ್ಬಿಸಿದ್ದೆವು. ಮರುದಿನ ಮಾಲೀಕರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಇನ್ನು ನಡೆಸಲು ಆಗುವುದಿಲ್ಲ ಎಂದು ಕೈಮುಗಿದರಂತೆ. ಇವರು ಹತ್ತು ಗಂಟೆಗೇ ಮನೆಗೆ ಬಂದರು. ಊಟದ ಡಬ್ಬಿ ತೆರೆದಿರಲಿಲ್ಲ.

ಬಾಡಿಗೆಗೆ ಇದ್ದವರು ಮೊದಲು ಖಾಲಿ ಮಾಡಿದರು. ಕೆಲವರು ದಾವಣಗೆರೆಗೆ ಹೋದರು. ಇವರು ಪಂಪ್‌ಸೆಟ್ ರಿಪೇರಿ ಮಾಡುತ್ತ ಹಳ್ಳಿಹಳ್ಳಿ ಅಲೆದರು. ಕಂತು ಕಟ್ಟುವಷ್ಟು ಹುಟ್ಟಲಿಲ್ಲ. ಕೊನೆಗೆ ಬ್ಯಾಂಕಿನ ನೋಟಿಸ್ ಬಂತು. ಎರಡು ತಿಂಗಳಲ್ಲಿ ಸಾಲ ತೀರಿಸಬೇಕು, ಇಲ್ಲದಿದ್ದರೆ ಮನೆ ಜಪ್ತಿ. ಮ್ಯಾನೇಜರು ಒಳ್ಳೆಯವರೇ. "ಹರಾಜಿಗೆ ಹೋದ್ರೆ ನಿಮ್ ಕೈಗೆ ಏನೂ ಉಳಿಯಲ್ಲ. ಅಷ್ಟ್ರೊಳಗೆ ನೀವೇ ಮಾರ್ಕೊಳ್ಳಿ" ಎಂದರು.

ಒಬ್ಬರು ಸಿಕ್ಕಿದರು. ಶಿರಾಳಕೊಪ್ಪದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಹಿರಿಯರು. ಸಾಲ ತೀರಿ, ಇನ್ನೆಲ್ಲಾದರೂ ಸಣ್ಣದೊಂದು ಸೈಟು ಕೊಳ್ಳುವಷ್ಟು ಕೊಡಲು ಒಪ್ಪಿದರು. ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, "ಯಜಮಾನ್ರ, ರೊಕ್ಕ ತಯಾರೈತಿ. ಈ ವಾರದಾಗ ರಿಜಿಸ್ಟರ್ ಮುಗಿಸಿಬಿಡೋಣ" ಎಂದರು.

ಆಗ ನಾನು ಒಳಗಿನಿಂದ ಬಂದೆ. ಆಷಾಢ ಶುರುವಾಗಿ ನಾಲ್ಕು ದಿನ ಆಗಿತ್ತು. ನನ್ನ ತವರು ಸೊರಬದ ಕಡೆ, ಚಂದ್ರಗುತ್ತಿಯ ಹತ್ತಿರ. ನಮ್ಮಮ್ಮ ಆಷಾಢದಲ್ಲಿ ಹೊಸ ಪೊರಕೆಯನ್ನೂ ಮನೆಯೊಳಗೆ ತಂದವಳಲ್ಲ.

"ಮದುವೆಯಾದ ಹುಡುಗೀನೇ ಆಷಾಢದಲ್ಲಿ ಗಂಡನ ಮನೆಗೆ ಕಳ್ಸಲ್ಲ. ಮನೇನ ಹೆಂಗೆ ಕಳ್ಸೋದು? ಶ್ರಾವಣ ಬರ್ಲಿ ಅಣ್ಣಾರೆ" ಎಂದೆ.

ಅವರು ನಕ್ಕರು. "ಆತು ಬಿಡವ್ವ. ನಮ್ಮ ಮನಿಯಾಕಿನೂ ಇದನ್ನ ಹೇಳ್ತಾಳ."

ಅವರು ಹೋದ ಮೇಲೆ ಇವರು, "ಬ್ಯಾಂಕಿನೋರ ಕ್ಯಾಲೆಂಡರಲ್ಲಿ ಆಷಾಢ ಇಲ್ಲ ಮಾರಾಯ್ತಿ" ಎಂದರು. ನಾನು ಮುಖ ಊದಿಸಿಕೊಂಡೆ. "ಸರಿ ಸರಿ, ನಿನ್ ಮಗಳು ಇನ್ನೊಂದ್ ತಿಂಗಳು ತವರಲ್ಲೇ ಇರ್ಲಿ" ಎಂದು ಸುಮ್ಮನಾದರು. ನಮಗೆ ಮಕ್ಕಳಿರಲಿಲ್ಲ.

ಆ ತಿಂಗಳಲ್ಲೇ ಉಳಿದಿದ್ದ ಇನ್ನೆರಡು ಮಿಲ್ಲುಗಳೂ ಮುಚ್ಚಿದವು. ಬಡಾವಣೆಯ ಐದು ಮನೆಗಳ ಮುಂದೆ ಮಾರಾಟದ ಬೋರ್ಡು ಬಂತು. ಶ್ರಾವಣದ ಮೊದಲ ಸೋಮವಾರ ಹೊಸ್ತಿಲಿಗೆ ಅರಿಶಿನ ಹಚ್ಚಿ ಕಾದೆ. ಮಧ್ಯಾಹ್ನ ಆ ಹಿರಿಯರ ಫೋನ್ ಬಂತು.

"ಅರ್ಧ ರೇಟಿಗೆ ನಿಮ್ಮ ಪಕ್ಕದ ಬೀದ್ಯಾಗ ಮನಿ ಸಿಗ್ತೈತ್ರಿ. ಅದ್ನೂ ಬ್ಯಾಡ ಅಂತಾರ ನನ್ ಮಕ್ಕಳು, ಆ ಕಡೆ ಇನ್ನ ಯಾರು ಇರ್ತಾರ ಅಂತ. ಬೇಜಾರ ಮಾಡ್ಕಬ್ಯಾಡ್ರಿ."

ಅವರ ತಪ್ಪೇನೂ ಇರಲಿಲ್ಲ.

ಅರ್ಧ ಬೆಲೆಗೆ ಕೊಟ್ಟರೆ ಸಾಲವೂ ತೀರುತ್ತಿರಲಿಲ್ಲ. ಆ ಬೆಲೆಗೂ ಯಾರೂ ಬರಲಿಲ್ಲ. ದೀಪಾವಳಿ ಮುಗಿದ ಮೇಲೆ ಬ್ಯಾಂಕಿನವರು ಬಂದು ಬಾಗಿಲಿಗೆ ಸೀಲು ಹಾಕಿದರು. ಬೀಗದ ಕೈ ಕೊಡುವ ಮೊದಲು ಇವರು ಒಳಗೆ ಹೋಗಿ ಎಲ್ಲ ಕಿಟಕಿಗಳ ಚಿಲಕ ಹಾಕಿ ಬಂದರು, ಮಳೆ ಬಂದರೆ ಇರಚಲು ಹೊಡೆಯಬಾರದೆಂದು.

ನನ್ನ ತಮ್ಮ ಸೊರಬದಲ್ಲಿ ಒಂದು ಬಾಡಿಗೆ ಮನೆ ಹುಡುಕಿಕೊಟ್ಟ. ಇವರು ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಒಂದೂವರೆ ವರ್ಷ ಹೋಗಿ ಬಂದು ಮಾಡಿದರು. ಒಂದು ದಿನ ಎದೆನೋವು ಎಂದು ಅಂಗಡಿಯ ಬೆಂಚಿನ ಮೇಲೆ ಒರಗಿದವರು ಏಳಲಿಲ್ಲ.

ಸಾರಿಗೆ ಉಪ್ಪು ಹೆಚ್ಚಾದರೆ ಬೈಯುತ್ತಿದ್ದ ಮನುಷ್ಯ. ಆಷಾಢದ ಮಾತನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ, ಸಿಟ್ಟು ಬಂದಾಗಲೂ ಇಲ್ಲ. ನಾನೇ ಎತ್ತಬೇಕಿತ್ತು. ತಪ್ಪು ನನ್ನದು ಎಂದು ಹೇಳಬೇಕಿತ್ತು. ಇವರು ಊಟಕ್ಕೆ ಕುಳಿತಾಗ ಈಗ ಬೇಡ ಎನ್ನಿಸುತ್ತಿತ್ತು, ಮಲಗಿದಾಗ ದಣಿದಿದ್ದಾರೆ ಎನ್ನಿಸುತ್ತಿತ್ತು.

ತಿಥಿಗೆ ಇವರ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆ. ನಾವು ಬಾಡಿಗೆಗೆ ಬಂದ ದಿನವೇ ಮನೆಯ ಮಾಲೀಕರು ಹೇಳಿದ್ದರು, "ಗೋಡೆಗೆ ಮೊಳೆ ಮಾತ್ರ ಹೊಡೀಬೇಡಿ ಅಮ್ಮ, ಗಾರೆ ಉದುರ್ತದೆ." ಹಾಗಾಗಿ ಫೋಟೋವನ್ನು ಟ್ರಂಕಿನ ಮೇಲೆ ಒರಗಿಸಿಟ್ಟಿದ್ದೇನೆ. ಸೀರೆ ತೆಗೆಯಬೇಕಾದಾಗಲೆಲ್ಲ ಇಳಿಸಿ ನೆಲದ ಮೇಲೆ ಇಡುತ್ತೇನೆ, ಮತ್ತೆ ಎತ್ತಿ ಇಡುತ್ತೇನೆ.

ಇವರ ಫೋಟೋ ಹಾಕಲು ನನ್ನದೊಂದು ಗೋಡೆ ಇಲ್ಲ.