ಬಾಗಲೂರಿಗೆ ಒಂದು ಕ್ರೇಪ್ ರವಿಕೆ

ತುಮಕೂರು ಬಿಟ್ಟಾಗ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಎರಡು ಸಾವಿರದ ಹದಿಮೂರನೇ ಇಸವಿಯ ಪಿತೃಪಕ್ಷದ ದಿನಗಳು. ನನ್ನ ಬ್ಯಾಗಿನಲ್ಲಿ ಕತ್ತರಿ, ಟೇಪು, ಸಣ್ಣ ಸೂಜಿಗಳು, ಮನೆಯಲ್ಲೇ ಒಗೆದು ಒಣಗಿಸಿದ ಕಾಟನ್ ಲೈನಿಂಗ್ ಇದ್ದವು. ನಮ್ಮ ಮನೆ ಓನರ್‌ಗೆ ಬಾಗಲೂರಿನಲ್ಲಿ ಗೌರಮ್ಮ ಎಂಬ ನೆಂಟರಿದ್ದಾರಂತೆ, ಹಿರಿಯರ ಹಬ್ಬಕ್ಕೆ ಕ್ರೇಪ್ ಸಿಲ್ಕ್ ರವಿಕೆಯೊಂದನ್ನು ಅವರ ಮನೆಯಲ್ಲೇ ಕೂತು ಹೊಲಿದುಕೊಡಬೇಕಂತೆ. ಒಂದು ರವಿಕೆಗೆ ತುಮಕೂರಿನಿಂದ ಟೈಲರ್ ಹೋಗಬೇಕೇ, ಬೆಂಗಳೂರಿನ ಮಿಷನ್‌ಗಳಿಗೆಲ್ಲ ತುಕ್ಕು ಹಿಡಿದಿದೆಯೇ ಎಂದು ಕೇಳಿದೆ. "ಹೋಗ್ಬನ್ನಿ, ಊರು ನೋಡ್ದಂಗೂ ಆಗುತ್ತೆ" ಎಂದು ಓನರ್ ಮಾತು ತೇಲಿಸಿದರು. ಆ ಕಡೆಯ ಟೈಲರ್‌ಗಳು ಒಬ್ಬೊಬ್ಬರಾಗಿ ಈ ಕೆಲಸ ಒಲ್ಲೆ ಅಂದಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಗೊರಗುಂಟೆಪಾಳ್ಯದಲ್ಲಿ ಇಳಿದಾಗ ಲಾರಿಗಳ ಧೂಳಿನಲ್ಲಿ ಬೆಳಗೇ ಮಾಸಿಹೋಗಿತ್ತು. ರಸ್ತೆ ದಾಟುವಷ್ಟರಲ್ಲಿ ಅರ್ಧ ಆಯುಸ್ಸು ಮುಗಿಯಿತು. ನಿಂತುಕೊಂಡೇ ಎರಡು ಇಡ್ಲಿ ತಿಂದು ಹೆಬ್ಬಾಳದ ಬಸ್ ಹತ್ತಿದೆ. ಹೆಬ್ಬಾಳದಲ್ಲಿ ಬಸ್ ಬದಲಿಸಿ ಯಲಹಂಕ ತಲುಪಿದಾಗ ಬಿಸಿಲು ಏರಿತ್ತು. ಹಳೇ ಊರಿನ ಬಸ್ ಸ್ಟಾಪಿನಲ್ಲಿ ನನ್ನನ್ನು ಕಾಯುತ್ತಿದ್ದವಳು ಚೈತ್ರಾ, ಗೌರಮ್ಮನವರ ಮೈದುನನ ಮಗಳು. ಇಪ್ಪತ್ತೆರಡರ ಹುಡುಗಿ, ಬಾಯಿ ಬಿಟ್ಟರೆ ಮುಚ್ಚುವವಳಲ್ಲ. ಅಪ್ಪ ಅಮ್ಮನಿಗೆ ಆರ್.ಟಿ. ನಗರದಲ್ಲಿ ಸ್ಟೇಷನರಿ ಅಂಗಡಿ, ಮನೆ ಅದರ ಹಿಂದೆಯೇ. ಹೆಬ್ಬಾಳದ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿದೆ, ಸೋಮವಾರ ಸೇರಬೇಕು.

"ನಾಳೆ ಇಬ್ರೂ ಒಟ್ಟಿಗೇ ವಾಪಸ್ ಹೋಗೋಣ ಆಂಟಿ. ನಮ್ಮನೇಲಿ ಊಟ ಮಾಡ್ಕೊಂಡು ಹೋಗಿ, ಅಮ್ಮಂಗೆ ಹೇಳಿದೀನಿ" ಎಂದಳು.

ಗೌರಮ್ಮ ಹೇಳಿದ್ದ ಸೀರೆ ಕೊಳ್ಳಲು ಅಲ್ಲೇ ಹೊಕ್ಕ ಬಟ್ಟೆ ಅಂಗಡಿಯಲ್ಲಿ ಹುಡುಗರು ಹೊಳೆಯುವುದನ್ನೆಲ್ಲ ಕ್ರೇಪ್ ಎಂದು ಹರಡಿದರು. ನಾನು ತುದಿಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು ನೋಡುತ್ತಾ ಹೋದೆ. ಒಳ್ಳೆಯ ಕ್ರೇಪ್ ಸುಕ್ಕು ಹಿಡಿಯುವುದಿಲ್ಲ, ಕೈಯಿಂದ ಜಾರಿ ಮೊದಲಿನಂತಾಗುತ್ತದೆ. ಅದರ ನೂಲನ್ನು ಬಿಗಿಯಾಗಿ ಹುರಿ ಮಾಡಿ ನೇಯ್ದಿರುತ್ತಾರೆ, ಬೆರಳಿಗೆ ಸಣ್ಣ ಮರಳಿನ ತರಿ ಸಿಗುತ್ತದೆ. ನೀರು ಬಿದ್ದರೆ ಮಾತ್ರ ಆ ಹುರಿಯೆಲ್ಲ ಒಳಕ್ಕೆ ಸೆಳೆದು ಬಟ್ಟೆ ಕುಗ್ಗುತ್ತದೆ. ಅದಕ್ಕೇ ರೇಷ್ಮೆ ಕ್ರೇಪನ್ನು ನಾವು ಡ್ರೈ ವಾಷ್‌ಗೆ ಕೊಡಿ ಎನ್ನುವುದು, ಇಸ್ತ್ರಿಯನ್ನೂ ಹಿಂಬದಿಯಿಂದ ಬೆಚ್ಚಗೆ ಆಡಿಸಿ ಎನ್ನುವುದು. ಕೊನೆಗೆ ಕುಂಕುಮ ಬಣ್ಣದ ಸೀರೆಯೊಂದು ಒಪ್ಪಿಗೆಯಾಯಿತು, ರವಿಕೆಯ ಬಟ್ಟೆ ಅದರಲ್ಲೇ ಇತ್ತು. ನಿನಗೆ ಚೆನ್ನಾಗಿ ಒಪ್ಪುತ್ತದೆ ಎಂದೆ. ಅಲ್ಲಿಯವರೆಗೆ ಹರಟುತ್ತಿದ್ದ ಹುಡುಗಿ ಸೀರೆಯನ್ನು ನನ್ನ ಕೈಗೆ ತುರುಕಿ ಬಾಗಲೂರಿನ ಬಸ್ಸಿನತ್ತ ನಡೆದುಬಿಟ್ಟಳು.

ಗೌರಮ್ಮನವರದು ಹೊಲ ಮಾರಿ ಕಟ್ಟಿಸಿದ ಮೂರಂತಸ್ತಿನ ಮನೆ. ವಿಮಾನಗಳು ತಾರಸಿಯ ಮೇಲೇ ಇಳಿಯುತ್ತವೇನೋ ಎನ್ನುವಷ್ಟು ತಗ್ಗಿನಲ್ಲಿ ಹೋಗುತ್ತಿದ್ದವು. ಗಂಡ ತೀರಿಕೊಂಡು ಅವರೊಬ್ಬರೇ ಇದ್ದರು. ಮುದ್ದೆ, ಬಸ್ಸಾರು ಬಡಿಸಿ, ತಟ್ಟೆ ಖಾಲಿಯಾಗಲು ಬಿಡದೆ ಉಪಚರಿಸಿದರು. ನಡುಮನೆಯ ಗೋಡೆಯಲ್ಲಿ ಐದು ವರ್ಷದ ಹುಡುಗಿಯೊಬ್ಬಳ ಫೋಟೋ, ಅದಕ್ಕೆ ಹಾರ.

"ನನ್ ಮಗಳು ಸುಮಾ. ಜ್ವರ ಬಂದು ಓಗ್ಬುಟ್ಲು. ಇವ್ಳೂ ಅವ್ಳೂ ಒಂದೇ ವಾರಿಗೆ" ಎಂದು ಚೈತ್ರಾಳನ್ನು ತೋರಿಸಿದರು. ಆಮೇಲೆ ಬೀರು ತೆರೆದರು.

ಒಳಗೆ ಪುಟ್ಟ ಫ್ರಾಕಿನಿಂದ ಹಿಡಿದು ಲಂಗ, ಲಂಗ ದಾವಣಿ, ಚೂಡಿದಾರದವರೆಗೆ ಬಟ್ಟೆಗಳು ಸಾಲಾಗಿ ತೂಗುತ್ತಿದ್ದವು, ಪ್ರತಿಯೊಂದೂ ಹಿಂದಿನದಕ್ಕಿಂತ ತುಸು ದೊಡ್ಡದು. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕುವುದು ನಮ್ಮಲ್ಲೂ ಇದೆ. ಆದರೆ ಸತ್ತ ಮಗುವಿನ ಬಟ್ಟೆ ವರ್ಷ ವರ್ಷ ಬೆಳೆಯುವುದನ್ನು ನಾನು ಕಂಡಿರಲಿಲ್ಲ. ಅಳತೆ ಮಾತ್ರ ಚೈತ್ರಾಳದು. ಎಡೆ ಇಟ್ಟ ಮೇಲೆ ಅವಳೇ ತೊಡಬೇಕು, ಸಂಜೆ ಬಿಚ್ಚಿಕೊಟ್ಟರೆ ಅದು ಬೀರು ಸೇರುತ್ತದೆ. ಈ ವರ್ಷ ಸುಮಾ ಸೀರೆ ಉಡುವ ವಯಸ್ಸಿಗೆ ಬಂದಿದ್ದಳು.

ನಾನು ಅಳತೆ ತೆಗೆಯುವಾಗ ಗೌರಮ್ಮ ಪಕ್ಕದಲ್ಲೇ ನಿಂತಿದ್ದರು. "ತೋಳು ಒಸಿ ಬಿಗಿ ಇರ್ಲಿ, ಅವ್ಳಿಗೆ ಅಂಗಿದ್ರೇ ಇಷ್ಟ. ನೆಟ್ಟಗೆ ನಿಂತ್ಕೊ ಸುಮಾ" ಎಂದರು. ಚೈತ್ರಾ ನೆಟ್ಟಗೆ ನಿಂತಳು.

ಗೌರಮ್ಮ ಹೂವು ತರಲು ಹೋದಾಗ ಚೈತ್ರಾ ಆ ಮನೆಯ ಹಳೇ ಹೊಲಿಗೆ ಮಿಷನ್ ಪಕ್ಕ ಬಂದು ಕೂತಳು.

"ಆಂಟಿ, ಇದು ನಂಗೆ ಸರಿಹೋಗ್ಬಾರ್ದು" ಎಂದಳು.

"ಯಾಕಮ್ಮ?"

"ಇವನ್ನ ಹಾಕ್ಕೊಂಡಾಗ ಸ್ವಲ್ಪ ಹೊತ್ತು ನಂಗೆ ಏನೂ ನೆನಪಿರಲ್ಲ. ಚಿಕ್ಕೋಳಿದ್ದಾಗ ಒಂದೆರಡು ನಿಮಿಷ ಅಷ್ಟೆ. ಹೋದ್ವರ್ಷ ಚೂಡಿದಾರ್ ಹಾಕ್ಕೊಂಡೋಳು ಸಂಜೆವರ್ಗೂ ಏನ್ ಮಾಡ್ದೆ, ಏನ್ ಮಾತಾಡ್ದೆ, ಒಂದೂ ಗೊತ್ತಿಲ್ಲ. ಅಪ್ಪ ಬಂದು ಎಳ್ಕೊಂಡು ಹೋದ್ರಂತೆ. ಈ ಸಲ ರವಿಕೆ ಸರಿಹೋದ್ರೆ ನಾನು ಇಲ್ಲೇ ಇರ್ಬೇಕು, ಈ ಮನೆಯಿಂದ್ಲೇ ಮದ್ವೆ ಅಂತಾರೆ ದೊಡ್ಡಮ್ಮ."

"ಸರಿಹೋಗದಿದ್ರೆ?"

"ಸುಮಾ ಒಪ್ಲಿಲ್ಲ ಅಂತ ಇನ್ನು ಕರ್ಯಲ್ವಂತೆ. ಅವ್ರೇ ಫೋಟೋ ಮುಂದೆ ಹೇಳಿರೋ ಮಾತು. ಅದಕ್ಕೇ ಅಪ್ಪ ಅಮ್ಮ ಇದೊಂದ್ಸಲ ಕಳ್ಸಿದ್ದು."

ನನಗೆ ಗೌರಮ್ಮನ ಮೇಲೆ ಕೋಪವೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಹುಡುಗಿ ತೆಳ್ಳಗಿದ್ದಳು, ನನ್ನದು ಚೆನ್ನಾಗಿ ತಿಂದು ಬೆಳೆದ ದೇಹ. ಅವಳ ಅಳತೆಯನ್ನು ಪಕ್ಕಕ್ಕಿಟ್ಟು ನನ್ನ ಅಳತೆಗೇ ಕತ್ತರಿಸಿದೆ. ಕ್ರೇಪ್ ಮಿಷನ್ ಕೆಳಗೆ ಹಾವಿನಂತೆ ಜಾರುತ್ತದೆ, ಕೆಳಗೆ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಬೇಕು. ಹಾಗೇ ಮಾಡಿದೆ. ಸಂಜೆ ಚೈತ್ರಾ ಅದನ್ನು ಮೈಮೇಲೆ ಹಿಡಿದುಕೊಂಡು, "ಇದ್ರಲ್ಲಿ ನನ್ನಂಥೋರು ಇಬ್ರು ಹಿಡಿಸ್ತಾರೆ ಕಣ್ರೀ" ಎಂದು ನಕ್ಕಳು. ನಾನೂ ನಕ್ಕೆ.

ಕೈಕಾಲು ತೊಳೆದು ಬರುವಷ್ಟರಲ್ಲಿ ರವಿಕೆ ಟೇಬಲ್ ಮೇಲಿರಲಿಲ್ಲ. ಹಿತ್ತಲಲ್ಲಿ ಗೌರಮ್ಮ ಅದನ್ನು ಅರಿಶಿನ ಬೆರೆಸಿದ ನೀರಿನ ಬಕೆಟ್ಟಿಗೆ ಅದ್ದುತ್ತಿದ್ದರು.

"ಅಯ್ಯೋ, ಕ್ರೇಪಿಗೆ ನೀರು ತಾಕಿಸ್ಬಾರ್ದು ಕಣ್ರೀ!"

"ನೀರ್ ತಾಕ್ದೆ ಮಡಿ ಎಂಗಾಗ್ತದವ್ವ? ಅಂಗಡಿ ಬಟ್ಟೆ ಅಂಗೇ ಎಡೆಗಿಡಕ್ಕಾಯ್ತದಾ?" ಎಂದು ಹಿಂಡಿ, ಫೋಟೋದ ಕೆಳಗೆ ಹಗ್ಗಕ್ಕೆ ಹಾಕಿದರು.

ಕುಗ್ಗುತ್ತದೆ ಎಂದು ನನಗೆ ಗೊತ್ತಿತ್ತು. ಕುಗ್ಗಿದರೂ ಸೊಟ್ಟಪಟ್ಟ ಕುಗ್ಗುತ್ತದೆ, ಒಳಗಿನ ಲೈನಿಂಗ್ ಮೊದಲೇ ನೀರು ಕಂಡದ್ದು, ಅದು ಕುಗ್ಗುವುದಿಲ್ಲ, ಇನ್ನು ಇದು ಯಾರಿಗೂ ತೊಡಲಾಗದ ಮುದ್ದೆಯಾಗುತ್ತದೆ ಎಂದು ಚೈತ್ರಾಳಿಗೆ ಧೈರ್ಯ ಹೇಳಿದೆ. ಅವಳೂ ನಂಬಿದಳು. ಮಲಗುವ ಮೊದಲೇ ತನ್ನ ಬ್ಯಾಗ್ ಜೋಡಿಸಿ ನನ್ನ ಬ್ಯಾಗಿನ ಪಕ್ಕ ಇಟ್ಟಳು.

ಮರುದಿನ ಬೆಳಿಗ್ಗೆ ಮೋಡ ಕವಿದಿತ್ತು. ಬಾಳೆಲೆಯಲ್ಲಿ ಕಜ್ಜಾಯ, ವಡೆ, ಪಾಯಸ ಬಡಿಸಿ, ಮಡಿಚಿದ ಸೀರೆಯ ಮೇಲೆ ರವಿಕೆ ಇಟ್ಟು, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ನಾವು ಮೂವರೂ ಹೊರಗೆ ನಿಂತೆವು. ಸತ್ತವರು ಬಂದು ಉಣ್ಣುವ ಹೊತ್ತು ಅದು. ಒಳಗೆ ಏನೂ ಸದ್ದಿರಲಿಲ್ಲ. ಆಮೇಲೆ ಚೈತ್ರಾ ಸೀರೆ ರವಿಕೆ ತೆಗೆದುಕೊಂಡು ಕೋಣೆಗೆ ಹೋದಳು. ಹೋಗುವಾಗ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದಳು.

ಅವಳು ಹೊರಗೆ ಬಂದಾಗ ರವಿಕೆ ಅವಳ ಮೈಗೆ ಎರಕ ಹೊಯ್ದಂತೆ ಕೂತಿತ್ತು. ಭುಜದಲ್ಲಿ ಒಂದು ನೆರಿಗೆಯಿಲ್ಲ, ಕಂಕುಳಲ್ಲಿ ಎಳೆತವಿಲ್ಲ, ತೋಳು ಮಾತ್ರ ಒಸಿ ಬಿಗಿ. ನಾನು ಹತ್ತಿರ ಹೋಗಿ ಅಂಚು ಮಗುಚಿ ನೋಡಿದೆ. ಲೈನಿಂಗ್ ಕೂಡ ಅಷ್ಟೇ ಕುಗ್ಗಿತ್ತು. ಇಷ್ಟು ವರ್ಷದ ಹೊಲಿಗೆಯಲ್ಲಿ ನಾನು ಇಷ್ಟು ಚೆನ್ನಾಗಿ ಕೂತ ರವಿಕೆ ಹೊಲಿದಿಲ್ಲ, ಇದನ್ನೂ ಹೊಲಿದದ್ದು ನಾನಲ್ಲ. ಗೌರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು, ಅಷ್ಟು ಸಂತೋಷದ ಅಳುವನ್ನು ನೋಡಲು ನನ್ನ ಕೈಲಾಗಲಿಲ್ಲ.

"ಚೈತ್ರಾ, ಬಿಚ್ಚಿಹಾಕಮ್ಮ. ಬಸ್ ಟೈಮಾಯ್ತು" ಎಂದೆ.

ಅವಳು ಮನೆಗೆ ಬಂದ ಪರಸ್ಥಳದವರನ್ನು ನೋಡುವಂತೆ ನೋಡಿದಳು. "ಚೈತ್ರಾ ಇಲ್ಲಿಲ್ವಲ್ಲಕ್ಕ. ಅವ್ಳು ಆರ್.ಟಿ. ನಗರದಾಗವ್ಳೆ" ಎಂದಳು. ದನಿ ಅವಳದೇ. ನಾನು ಅವಳ ಬ್ಯಾಗ್ ಎತ್ತಿ ತೋರಿಸಿದೆ. "ಯಾರ್ದಿದು? ನೀವ್ ಓಗೋ ದಾರೀಲೇ ಅವ್ಳ ಮನೆ, ಕೊಟ್ಬುಡಿ" ಎಂದು ನಕ್ಕು, ತಟ್ಟೆಯಲ್ಲಿ ಅರಿಶಿನ ಕುಂಕುಮ ತಂದು ನನ್ನ ಮುಂದೆ ಹಿಡಿದಳು. ಗೌರಮ್ಮ ಒಳಗಿನಿಂದ ಸುಮಾ ಎಂದು ಕರೆದರು. "ಬಂದೆ ಅಮ್ಮಾ" ಎಂದು ಓಡಿದಳು. ನಾನು ಹಿಂದೆ ಹೋಗಿ ಅವಳ ಕೈ ಹಿಡಿದೆ. ಗೌರಮ್ಮ ನಡುವೆ ಬಂದು, "ನೀವಿನ್ನು ಒರಡಿ" ಎಂದಷ್ಟೇ ಹೇಳಿದರು.

ಬಸ್ಸಿನಲ್ಲಿ ಎರಡು ಬ್ಯಾಗುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹೆಬ್ಬಾಳದಲ್ಲಿ ತುಮಕೂರಿನ ದಾರಿ ಬಿಟ್ಟು ಆರ್.ಟಿ. ನಗರಕ್ಕೆ ಹೋದೆ. ಸ್ಟೇಷನರಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಚೈತ್ರಾಳ ತಾಯಿ ಕೌಂಟರಿನ ಹಿಂದಿನಿಂದ ಎದ್ದು ಬಂದು ಮೊದಲು ಬ್ಯಾಗ್ ನೋಡಿದರು, ಆಮೇಲೆ ನನ್ನ ಹಿಂದೆ ರಸ್ತೆ ನೋಡಿದರು.

"ಸರಿಹೋಯ್ತಾ?" ಎಂದು ಕೇಳಿದರು.

ಹೌದೆಂದು ತಲೆಯಾಡಿಸಿದೆ. ಅವರು ಬ್ಯಾಗ್ ಇಸಿದುಕೊಂಡು, ಒಳಗೆ ಬನ್ನಿ, ಊಟ ಮಾಡಿ ಎಂದರು. ಒಳಗೆ ನೀರು ಚಿಮುಕಿಸಿ ಎರಡು ಎಲೆ ಹಾಕಿದ್ದರು. ಅವರು ಬಾಗಿ ಅದರಲ್ಲಿ ಒಂದನ್ನು ಮಡಿಚಿ ತೆಗೆದರು.