ಗಿರಿಜಕ್ಕನ ಹೆಬ್ಬೆರಳು

ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಹಾಗಾಗಿ ನಾವು ಸುತ್ತಲಿನ ಫೋಟೋಗ್ರಾಫರುಗಳು ಕೊಟ್ಟೂರಿನ ಚಹಾದಂಗಡಿಯಲ್ಲಿ ಸೇರಿ, ಒಬ್ಬರ ಫೋಟೋದಲ್ಲಿ ಇನ್ನೊಬ್ಬರು ತಪ್ಪು ಹುಡುಕುತ್ತೇವೆ. ಈ ಸಲ ನಾನು ಸ್ಪರ್ಧೆಗೆಂದು ಇಟ್ಟುಕೊಂಡಿದ್ದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದೆ. ಹಡಗಲಿಯಲ್ಲಿ ಮಲ್ಲಿಗೆ ಕಟ್ಟುತ್ತ ನಗುತ್ತಿರುವ ಅಜ್ಜಿ. ಹರಪನಹಳ್ಳಿಯಲ್ಲಿ ಸ್ಟುಡಿಯೋ ಇಟ್ಟಿರುವ ಗಿರಿಜಕ್ಕ ಅಜ್ಜಿಯ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿದರು.

“ಈಗ ನೋಡ್ರಿ. ಮುಖ ನಿಮ್ಮ ಕ್ಯಾಮೆರಾ ನೋಡಿ ನಗಾಕತ್ತೈತಿ. ಕೈ ಮಾತ್ರ ತಮ್ಮ ಕೆಲಸದಾಗ ಅದಾವು.”

ನಿಜ, ಬರೀ ಕೈಗಳಿದ್ದಾಗಲೇ ಚಿತ್ರಕ್ಕೆ ಜೀವ ಬಂದಿತ್ತು. ಸಿಟ್ಟಿಗೆ, ಅವರು ತೆಗೆದ ಫೋಟೋ ನೋಡಲು ಅವರ ಮೊಬೈಲು ಇಸಕೊಂಡೆ. ಕೆಸರು ದಾಟುವ ಹೊಸ ಸೊಸೆಯ ಸೀರೆ ನೆರಿಗೆ ಹಿಡಿದ ಅತ್ತೆ. ನಾನು ಎಲ್ಲಿ ಬೆರಳಿಟ್ಟು ಮುಚ್ಚಿದರೂ ಚಿತ್ರ ಸಾಯುತ್ತಿತ್ತು.

“ತಪ್ಪು ಸಿಕ್ತೇನ್ರಿ?”

“ಸಿಕ್ತಕ್ಕಾ. ಗಾಜಿನ ಮ್ಯಾಲೆ ನನ್ನ ಬೆರಳಿನ ಗುರುತು ಐತಿ.”